ಮಲಪ್ರಭಾ ದಂಡೆಯ ‘ಹೆರಿಟೇಜ್ ನಡಿಗೆ’ಗೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಬಾದಾಮಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆ. ಎರಡು ದಿನ, 16 ಕಿಲೋಮೀಟರ್, ಆರಾಮದ ನಡಿಗೆ, ಮಕ್ಕಳೂ ವಯಸ್ಸಾದವರೂ ಬರಬಹುದು. ಹೀಗೊಂದು ಪೋಸ್ಟರ್ ನಿಮ್ಮ ವಾಟ್ಸಾಪ್‌ಗೂ ಬಂದಿದ್ದರೆ ದಯವಿಟ್ಟು ಇನ್ನೂ ದುಡ್ಡು ಕಳಿಸಬೇಡಿ. ನಾವು ತಲೆಗೆ 5,800 ರೂಪಾಯಿ ಕೊಟ್ಟು ಹೋಗಿ ಬಂದೆವು. ಎರಡು ದಿನದಲ್ಲಿ ನದಿ ದಂಡೆಯ ಮೇಲೆ ನಡೆದಿದ್ದು ಐದು ನಿಮಿಷ. ಹೌದು, ಐದೇ ನಿಮಿಷ. ಉಳಿದಿದ್ದೆಲ್ಲ ಟಿಟಿಯಲ್ಲಿ (ಟೆಂಪೋ ಟ್ರಾವೆಲರ್) ಕೂತಿದ್ದು.

ಬರೆಯೋದೋ ಬೇಡವೋ ಅಂತ ಎರಡು ವಾರ ಸುಮ್ಮನಿದ್ದೆ. ನಾಚಿಕೆ ಆಗ್ತಿತ್ತು. ನಾನೊಬ್ಬಳೇ ಮೋಸ ಹೋಗಿದ್ದರೆ ಬೇರೆ ಮಾತು. ಆಫೀಸಿನ ಗೆಳತಿಯನ್ನೂ ಅವಳ ಅತ್ತೆ ಮಾವನನ್ನೂ ನಾನೇ ಒಪ್ಪಿಸಿ ಕರೆದುಕೊಂಡು ಹೋಗಿದ್ದೆ. ಜೊತೆಗೆ ನಮ್ಮ ಅಮ್ಮ.

ಅಮ್ಮನ ವಿಷಯ ಹೇಳಲೇಬೇಕು. ಅವರು ಹುಟ್ಟಿದ್ದು ಗುಳೇದಗುಡ್ಡದಲ್ಲಿ. ಅಜ್ಜ ಅಲ್ಲಿ ಖಣ ನೇಯುತ್ತಿದ್ದರು. ಅಮ್ಮನಿಗೆ ಹತ್ತು ವರ್ಷ ಇದ್ದಾಗ ಮಗ್ಗ ಬಿಟ್ಟು ದಾವಣಗೆರೆಗೆ ಬಂದುಬಿಟ್ಟರು. ಈಗ ಆ ಕಡೆ ನಮ್ಮವರು ಯಾರೂ ಇಲ್ಲ. ಆದರೆ ಚಿಕ್ಕವರಿದ್ದಾಗ ಅಜ್ಜಿಯ ಕೈ ಹಿಡಿದು ಬಾದಾಮಿಯಿಂದ ಗುಡ್ಡ ದಾಟಿ ಮಹಾಕೂಟಕ್ಕೆ ನಡೆದು ಹೋಗಿದ್ದನ್ನು ಅಮ್ಮ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಬೆಳಗಿನ ಹೊತ್ತು ಬಂಡೆ ಇನ್ನೂ ತಣ್ಣಗಿರುತ್ತಿತ್ತಂತೆ. ಗುಡ್ಡ ಇಳಿದ ಕೂಡಲೇ ಪುಷ್ಕರಣಿಯ ನೀರಿಗೆ ಕಾಲು ಬಿಟ್ಟು ಕೂರುತ್ತಿದ್ದರಂತೆ. ಈಗ ಅವರಿಗೆ 66. ಮೊಣಕಾಲು ಇನ್ನೂ ಗಟ್ಟಿ ಇರುವಾಗ ಒಮ್ಮೆ ಅದೇ ದಾರಿಯಲ್ಲಿ ನಡೆಸೋಣ ಅಂತ ನನ್ನಾಸೆ. ಪೋಸ್ಟರ್‌ನಲ್ಲಿ ಮೊದಲ ಸಾಲೇ ಅದು: ‘ಬಾದಾಮಿಯಿಂದ ಮಹಾಕೂಟಕ್ಕೆ ಯಾತ್ರಿಕರ ಹಳೇ ಕಾಲುದಾರಿಯಲ್ಲಿ 5 ಕಿ.ಮೀ. ನಡಿಗೆ.’ ನಾನು ಬಿದ್ದಿದ್ದೇ ಆ ಸಾಲಿಗೆ.

ಬುಕ್ ಮಾಡುವ ಮುಂಚೆ ಕೇಳಿಲ್ಲ ಅಂತಲ್ಲ. ಎರಡು ಸಲ ಫೋನ್ ಮಾಡಿ ಕೇಳಿದ್ದೆ. “ಕಾಲುದಾರಿ ಗ್ಯಾರಂಟಿ ಇದೆಯಲ್ಲ ಸರ್? ಅಮ್ಮ ಅದಕ್ಕೋಸ್ಕರವೇ ಬರ್ತಿದ್ದಾರೆ.” “ನೂರಕ್ಕೆ ನೂರು ಮೇಡಂ, ಅದೇ ನಮ್ಮ ಹೈಲೈಟ್.” ಆಮೇಲೆ ಪುರಾತತ್ವ ಇಲಾಖೆಯ ಪರ್ಮಿಟ್ಟು, ಎಂಟ್ರಿ ಟಿಕೆಟ್ಟು ಅಂತ ತಲೆಗೆ 650 ಬೇರೆ ಕೇಳಿದರು. ಒಂಬತ್ತು ವರ್ಷದ ಮಗಳಿಗೂ ಸೇರಿಸಿ ನಮ್ಮ ಮನೆಯ ನಾಲ್ಕು ಜನಕ್ಕೆ 2,600. ವರ್ಲ್ಡ್ ಹೆರಿಟೇಜ್ ಜಾಗ, ಇರಬಹುದು ಅಂದುಕೊಂಡು ಕಳಿಸಿದೆ. ಅಮ್ಮನಿಗೆ ಹೊಸ ಕ್ಯಾನ್ವಾಸ್ ಶೂ ತಂದೆ. ಅಮ್ಮ ಅದನ್ನು ಒಂದು ವಾರ ಮನೆಯೊಳಗೇ ಹಾಕಿಕೊಂಡು ಓಡಾಡಿ ಪಳಗಿಸಿದರು.

ರಾತ್ರಿ ರೈಲಿನಲ್ಲಿ ಹೋಗಿ ಬೆಳಿಗ್ಗೆ ಬಾದಾಮಿಯಲ್ಲಿ ಇಳಿದೆವು. ಏಳಕ್ಕೆ ನಡಿಗೆ ಶುರು ಅಂದಿದ್ದರು. ಟಿಟಿ ಬಂದಿದ್ದು ಒಂಬತ್ತೂವರೆಗೆ. ‘ಹೆರಿಟೇಜ್ ಎಕ್ಸ್‌ಪರ್ಟ್’ ಅಂತ ಬಂದವನು ಒಬ್ಬ ಹುಡುಗ, ಇಪ್ಪತ್ತು ವರ್ಷ ಇರಬಹುದು. ಪಾಪ, ಅವನ ಮೇಲೆ ನನಗೆ ಸಿಟ್ಟಿಲ್ಲ. “ನಿನ್ನೆ ರಾತ್ರಿ ಫೋನ್ ಬಂತ್ರಿ ಮೇಡಂ, ಜೋಡಿ ಹೋಗ್ ಅಂದ್ರು” ಅಂತ ಅವನೇ ಹೇಳಿದ. ಗುಹೆ ಹತ್ತಿಸಿ ಇಳಿಸಿದ, ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. 578ರಲ್ಲಿ, ಅಣ್ಣ ಕೀರ್ತಿವರ್ಮನ ಆಳ್ವಿಕೆಯಲ್ಲಿ ಮಂಗಳೇಶ ಮಾಡಿಸಿದ ಮೂರನೇ ಗುಹೆ, ಅಷ್ಟು ದೊಡ್ಡ ವಿಷ್ಣು, ಅಷ್ಟು ಚೆಂದದ ಕಂಬಗಳು, ಅಲ್ಲಿ ಕೂರೋಕೆ ಹತ್ತು ನಿಮಿಷ ಕೊಡಲಿಲ್ಲ. ಹೋಗಲಿ, ನಮಗೆ ಮುಂದೆ ಕಾಲುದಾರಿ ಇದೆಯಲ್ಲ ಅಂತ ನಾನೇ ಎಲ್ಲರಿಗೂ ಸಮಾಧಾನ ಹೇಳಿದೆ. ಅಮ್ಮ ಶೂ ಲೇಸ್ ಬಿಗಿ ಮಾಡಿಕೊಂಡರು.

ಆಗ ಹುಡುಗ ಟಿಟಿ ಹತ್ತಿ ಅಂದ.

ಯಾಕೆ ಅಂತ ಕೇಳಿದರೆ ಅವನು ಫೋನ್ ಮಾಡಿ ನನ್ನ ಕೈಗೆ ಕೊಟ್ಟ. ಆರ್ಗನೈಸರ್ ಹೇಳಿದ್ದು: “ಮೇಡಂ, ಆ ದಾರಿ ಫಾರೆಸ್ಟ್‌ನವರು ಬಂದ್ ಮಾಡಿದ್ದಾರೆ. ಇವತ್ತೇ ಗೊತ್ತಾಯ್ತು. ರೋಡಲ್ಲಿ ಕರ್ಕೊಂಡು ಹೋಗ್ತಾರೆ, ದೇವಸ್ಥಾನ ಅದೇ ಅಲ್ವಾ.” ನಾನು ನಂಬಿದೆ. ಏನು ಮಾಡೋದು, ಬಂದ್ ಅಂದರೆ ಬಂದ್. ಟಿಟಿ ಸುತ್ತು ಹಾಕಿಕೊಂಡು ಹೋಯಿತು. ಅಮ್ಮ ಕಿಟಕಿಯಿಂದ ಗುಡ್ಡದ ಕಡೆ ನೋಡುತ್ತಾ ಒಂದೂ ಮಾತಾಡಲಿಲ್ಲ.

ಮಹಾಕೂಟದಲ್ಲಿ ಇಳಿದು ಪುಷ್ಕರಣಿ ಹತ್ತಿರ ಕೂತಿದ್ದೆವು. ಬುಗ್ಗೆಯ ನೀರು, ತಳದ ಕಲ್ಲು ಕಾಣುವಷ್ಟು ತಿಳಿ. ಹುಡುಗರು ಮೇಲಿಂದ ಧುಮುಕುತ್ತಿದ್ದರು. ಅಷ್ಟರಲ್ಲಿ ಮೂರು ಹೆಂಗಸರು, ಜೊತೆಗೊಬ್ಬ ಮುದುಕರು ಬಂದು ಪಕ್ಕದ ಮೆಟ್ಟಿಲ ಮೇಲೆ ಕೂತರು. ಕಾಲೆಲ್ಲ ಕೆಂಪು ಧೂಳು. ಅಮ್ಮನ ಬಾಯಲ್ಲಿ ಐವತ್ತು ವರ್ಷದ ಹಿಂದಿನ ಮಾತು ತಾನಾಗೇ ಬಂತು. “ಯಾವ್ ಕಡೆಯಿಂದ ಬಂದ್ರಿ ಯಕ್ಕಾ?”

“ಬದಾಮಿಯಿಂದ್ರಿ. ಗುಡ್ಡದ ಮ್ಯಾಲಿಂದ.”

“ದಾರಿ ಬಂದ್ ಐತಂತಲ್ಲ?”

“ಯಾವ್ ಬಂದ್ ರೀ? ಈಗರೆ ಅಲ್ಲಿಂದನ ಇಳದು ಬಂದೇವಿ. ಯಾರ್ ಹೇಳಿದ್ರಿ ನಿಮಗ?”

ಅಮ್ಮ ನನ್ನ ಮುಖ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗೆಳತಿಯ ಅತ್ತೆ ಕೂಡ ಕೇಳಿಸಿಕೊಂಡರು. ನನಗೆ ಅಲ್ಲಿ ಕೂರೋಕೂ ಆಗಲಿಲ್ಲ, ಏಳೋಕೂ ಆಗಲಿಲ್ಲ. ಬಂದ್ ಆಗಿಲ್ಲದ ದಾರಿಯನ್ನು ಬಂದ್ ಅಂತ ಹೇಳಿ, 66 ವರ್ಷದ ಹೆಂಗಸಿನ ಆಸೆಯನ್ನು ಒಂದು ಫೋನಲ್ಲಿ ಮುಗಿಸಿಬಿಟ್ಟರಲ್ಲ! ಹನ್ನೊಂದೂವರೆ ಬಿಸಿಲು, ವಾಪಸ್ ಹೋಗಿ ಆ ಗುಡ್ಡ ಹತ್ತುವ ಹೊತ್ತೂ ಅಲ್ಲ. ಏಳಕ್ಕೇ ಟಿಟಿ ಬಂದಿದ್ದರೆ ನಾವೇ ಯಾರನ್ನಾದರೂ ಕೇಳಿಕೊಂಡು ನಡೆದುಬಿಡುತ್ತಿದ್ದೆವು. ಬೇಕಂತಲೇ ತಡ ಮಾಡಿದ್ದು ಅಂತ ಈಗ ಅನ್ನಿಸ್ತಿದೆ.

ತಕ್ಷಣ ಫೋನ್ ಮಾಡಿದೆ. ಎತ್ತಲಿಲ್ಲ. ಮೆಸೇಜ್ ಹಾಕಿದೆ. ಬಂದ ಉತ್ತರ: “ಮೇಡಂ ಸೇಫ್ಟಿ ಮುಖ್ಯ. ಹಿರಿಯರಿದ್ದಾರೆ ಅಂತ ನಾವೇ ಡಿಸೈಡ್ ಮಾಡಿದ್ವಿ.” ಹಾಗಾದರೆ ಫಾರೆಸ್ಟ್‌ನವರು? “ಅದೂ ಇತ್ತು.” ಅದೂ ಇತ್ತಂತೆ!

ಮಧ್ಯಾಹ್ನದ ಊಟದ ಬಗ್ಗೆ ಜಾಸ್ತಿ ಬರೆಯಲ್ಲ. ‘ಹೊಲದ ಬದುವಿನ ಮೇಲೆ ಜೋಳದ ರೊಟ್ಟಿ’ ಅಂದಿದ್ದರು, ರಸ್ತೆ ಬದಿ ಹೋಟೆಲಿನ ಪಲಾವ್ ಪೊಟ್ಟಣ ಕೊಟ್ಟರು. ಸಂಜೆ ನಾವೇ ಬನಶಂಕರಿಗೆ ಆಟೋ ಮಾಡಿಕೊಂಡು ಹೋಗಿ, ಗುಡಿ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂರುವ ಅಮ್ಮಂದಿರ ಹತ್ತಿರ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕೊಂಡು ತಿಂದೆವು. ಆ ಎರಡು ದಿನದಲ್ಲಿ ಹೊಟ್ಟೆ ತಣ್ಣಗಾಗಿದ್ದು ಅದೊಂದೇ.

ಎರಡನೇ ದಿನ ಪಟ್ಟದಕಲ್ಲು. ಹಿಂದಿನ ದಿನ ಹುಡುಗ ತಾನೇ ಓಡಿ ಹೋಗಿ ಟಿಕೆಟ್ ತಂದಿದ್ದ. ಇಲ್ಲಿ ನಾನೂ ಅವನ ಜೊತೆ ಕೌಂಟರ್‌ಗೆ ಹೋದೆ. ಮಗಳು ಬೋರ್ಡ್ ಜೋರಾಗಿ ಓದಿದಳು: “ಅಮ್ಮಾ, ಭಾರತೀಯರಿಗೆ 40 ರೂಪಾಯಿ. ಹದಿನೈದು ವರ್ಷದ ಒಳಗಿನ ಮಕ್ಕಳಿಗೆ ಫ್ರೀ. ನನಗೆ ಫ್ರೀ!”

ಅವಳಿಗೆ ಖುಷಿ. ನನ್ನ ಕೈಕಾಲು ತಣ್ಣಗಾಯಿತು. ಬಾದಾಮಿ ಗುಹೆಗೆ 25, ಪಟ್ಟದಕಲ್ಲಿಗೆ 40, ಐಹೊಳೆಯ ದುರ್ಗ ಗುಡಿಗೆ 25. ಮಹಾಕೂಟಕ್ಕೆ ಟಿಕೆಟ್ಟೇ ಇಲ್ಲ. ಒಬ್ಬರಿಗೆ 90. ದೊಡ್ಡವರು ಮೂವರಿಗೆ 270. ನನ್ನಿಂದ ತಗೊಂಡಿದ್ದು 2,600. ಪರ್ಮಿಟ್ ಯಾವುದಕ್ಕೆ ಅಂತ ಕೌಂಟರ್‌ನವರನ್ನೇ ಕೇಳಿದೆ. “ಸುಮ್ನೆ ನೋಡಾಕ ಬಂದವರಿಗೆ ಪರ್ಮಿಟ್ ಯಾಕ್ರಿ? ಟಿಕೆಟ್ ತಗೊಂಡು ಒಳಗ ಹೋಗ್ರಿ” ಅಂದರು. ಫ್ರೀ ಇರುವ ಮಗುವಿನ ಹೆಸರಲ್ಲೂ 650 ಇಸಿದುಕೊಂಡಿದ್ದಾರೆ. ಅದು ನನಗೆ ಇವತ್ತಿಗೂ ಸಹಿಸೋಕೆ ಆಗ್ತಿಲ್ಲ.

ಇನ್ನು ಆ ನದಿ ನಡಿಗೆ. ಮಲಪ್ರಭಾ ಪಟ್ಟದಕಲ್ಲಿನಲ್ಲಿ ಉತ್ತರಕ್ಕೆ ತಿರುಗಿ ಹರಿಯುತ್ತದೆ. ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ 740ರ ಸುಮಾರಿಗೆ ಕಟ್ಟಿಸಿದ ವಿರೂಪಾಕ್ಷ ಗುಡಿಯ ಪೂರ್ವದ ಬಾಗಿಲು ನದಿಯ ಕಡೆಗೇ ಇದೆ. ಬಾದಾಮಿಯಲ್ಲಿ ಬಂಡೆ ಕೊರೆದ ಜನ ನೂರೈವತ್ತು ವರ್ಷದಲ್ಲಿ ಇಂಥದ್ದನ್ನು ಕಟ್ಟುವಷ್ಟು ಬೆಳೆದರಲ್ಲ, ಅದನ್ನು ನದಿ ಜೊತೆ ನಿಧಾನಕ್ಕೆ ನಡೆಯುತ್ತಾ ನೋಡಬೇಕು ಅನ್ನೋದೇ ನನ್ನ ಆಸೆಯಾಗಿತ್ತು. ಅಲ್ಲಿಂದ ಪಾಪನಾಥ ಗುಡಿಗೆ ಒಂದು ಚಿಕ್ಕ ದಾರಿ ಇದೆ. ಐದು ನಿಮಿಷ. ಹುಡುಗ ಅಲ್ಲಿ ನಮ್ಮನ್ನೆಲ್ಲ ನಿಲ್ಲಿಸಿ, ಅಮ್ಮನ ಕೈಗೆ ಒಂದು ಕೋಲು ಕೊಟ್ಟು ಫೋಟೋ ಹೊಡೆದ. “ರಿವರ್ ವಾಕ್ ಇದರೀ ಮೇಡಂ. ಇನ್ನ ಐಹೊಳಿ, ಟಿಟಿ ಹತ್ರಿ.”

ಪೋಸ್ಟರ್‌ನಲ್ಲಿ ಪಟ್ಟದಕಲ್ಲಿನಿಂದ ಐಹೊಳೆ ಕಡೆಗೆ ‘ದಂಡೆಗುಂಟ 8 ಕಿ.ಮೀ.’ ಅಂತ ಇತ್ತು. ಅಲ್ಲೇ ಕಡಲೆ ಹೊಲದಲ್ಲಿದ್ದ ಒಬ್ಬರನ್ನು ಕೇಳಿದೆ. ಅವರು ನಕ್ಕುಬಿಟ್ಟರು. “ಹೊಳಿ ದಂಡಿಗುಂಟ ಒಂದ ದಾರಿ ಅಂತ ಇಲ್ರೀ ತಂಗೀ. ಹೊಲದವ್ರಿಗೆ ಕೇಳ್ಕೋತ ಹೋಗಬೇಕು. ನಿಮ್ಮವರು ಯಾರೂ ನಮ್ಮನ್ನ ಕೇಳಿಲ್ಲ.” ಅಂದರೆ ಆ ದಾರಿಯನ್ನು ಇವರು ಒಮ್ಮೆಯೂ ನಡೆದು ನೋಡಿಯೇ ಇಲ್ಲ.

ಐಹೊಳೆಗೆ ಮುಟ್ಟಿದಾಗ ಬಾಗಿಲು ಹಾಕುವ ಹೊತ್ತು. ಮೇಗುತಿ ಗುಡ್ಡದ ಮೇಲೆ ಸೂರ್ಯಾಸ್ತ ಅಂದಿದ್ದರು, ಟೈಮ್ ಇಲ್ಲ ಅಂದರು. ಪುಲಿಕೇಶಿ ಹರ್ಷನನ್ನು ಸೋಲಿಸಿದ್ದನ್ನು ಹೇಳುವ ರವಿಕೀರ್ತಿಯ 634ರ ಶಾಸನ ಇರೋದು ಆ ಗುಡಿಯ ಗೋಡೆ ಮೇಲೆ. ಮಗಳಿಗೆ ತೋರಿಸ್ತೀನಿ ಅಂತ ಮನೆಯಲ್ಲೇ ಕಥೆ ಹೇಳಿ ಕರೆದುಕೊಂಡು ಹೋಗಿದ್ದೆ. ಕೆಳಗಿನಿಂದ ಬೆರಳು ತೋರಿಸಿ ಬಂದೆ.

ವಾಪಸ್ ಬಂದ ಮೇಲೆ ದುಡ್ಡು ಕೇಳಿದೆ. ಪೂರ್ತಿ ಅಲ್ಲ, ಪರ್ಮಿಟ್ ದುಡ್ಡು ಮತ್ತು ನಡೆಸದ ನಡಿಗೆಯ ಅರ್ಧ. ಅವರ ಉತ್ತರಗಳನ್ನು ಇದ್ದಂಗೇ ಹಾಕ್ತೀನಿ.

“ಮೇಡಂ ಗುಡಿಯೊಳಗೆ ನಡೆದ್ರಲ್ಲ, ಅದೂ ವಾಕೇ ಅಲ್ವಾ.”

“ಪರ್ಮಿಟ್ ಅಂದ್ರೆ ನಮ್ಮ ಸರ್ವೀಸ್ ಚಾರ್ಜ್.”

“ಬೇರೆ ಯಾರೂ ಕಂಪ್ಲೇಂಟ್ ಮಾಡಿಲ್ಲ. ನೀವು ಎಂಜಾಯ್ ಮಾಡೋದು ಕಲೀಬೇಕು.”

ಬಿಲ್ ಕೊಡಿ ಅಂದೆ. ಬ್ಲಾಕ್ ಮಾಡಿದರು. 1915 ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ ದೂರು ಕೊಟ್ಟಿದ್ದೀನಿ. ಗೆಳತಿಯ ಅತ್ತೆ ಮಾವನಿಗೆ ಇನ್ನೂ ಮುಖ ಕೊಟ್ಟು ಮಾತಾಡೋಕೆ ನನಗೆ ಆಗ್ತಿಲ್ಲ.

ಹೋಗೋರು ದಯವಿಟ್ಟು ಇಷ್ಟು ಮಾಡಿ. ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತಿಗೆ ನಡಿಗೆ ಅಂತ ಬರಹದಲ್ಲಿ ತಗೊಳ್ಳಿ, ಫೋನಿನ ಮಾತು ನಂಬಬೇಡಿ. ಪರ್ಮಿಟ್ ಅಂತ ದುಡ್ಡು ಕೇಳಿದರೆ ಅಲ್ಲೇ ಬಿಟ್ಟುಬಿಡಿ. ನಿಜ ಹೇಳಬೇಕಂದ್ರೆ ಇವರು ಯಾರೂ ಬೇಡ. ಬಾದಾಮಿಗೆ ರೈಲಿದೆ, ಪಟ್ಟದಕಲ್ಲಿಗೆ ಅಲ್ಲಿಂದ 22 ಕಿ.ಮೀ., ಬಸ್ಸಿದೆ, ಆಟೋ ಸಿಗುತ್ತೆ. ಮಹಾಕೂಟದ ದಾರಿಗೆ ಬೆಳಿಗ್ಗೆ ಬೇಗ ಊರಿನವರ ಜೊತೆ ಹೊರಡಿ.

ಮೊನ್ನೆ ಗೆಳತಿಯ ಫೋನಿಗೆ ಅವರ ಹೊಸ ಪೋಸ್ಟರ್ ಬಂದಿದೆ, ಫೆಬ್ರವರಿ ಬ್ಯಾಚ್ ಅಂತೆ. ‘ಯಾತ್ರಿಕರ ಹಳೇ ಕಾಲುದಾರಿಯಲ್ಲಿ’ ಅನ್ನುವ ಅದೇ ಸಾಲು. ಅದರ ಕೆಳಗೆ ಕೋಲು ಹಿಡಿದು ನಿಂತಿರುವ, ನೀಲಿ ಸೀರೆ, ಬಿಳಿ ಶೂ ಹಾಕಿದ ಅಜ್ಜಿ ನಮ್ಮ ಅಮ್ಮ. ಆ ಫೋಟೋ ತೆಗೆದಿದ್ದು ಪಾಪನಾಥ ಗುಡಿಯ ಹತ್ತಿರ, ಟಿಟಿ ನಿಂತಿದ್ದ ಜಾಗಕ್ಕೆ ವಾಪಸ್ ಹೋಗುವ ಮುಂಚೆ. ಮಹಾಕೂಟದ ದಾರಿಯಲ್ಲಿ ಅವರು ಒಂದು ಹೆಜ್ಜೆಯೂ ಇಟ್ಟಿಲ್ಲ. ಪೋಸ್ಟರ್‌ನಿಂದ ಫೋಟೋ ತೆಗೆದುಹಾಕಿ ಅಂತ ಮನೆಯವರ ನಂಬರಿಂದ ಮೆಸೇಜ್ ಹಾಕಿದೆ. ಓದಿದ್ದಾರೆ. ಪೋಸ್ಟರ್ ಇನ್ನೂ ಹಾಗೇ ಇದೆ.