ನಾಲ್ಕು ರಾತ್ರಿ, ಒಬ್ಬಳೇ ನಾಗವಲ್ಲಿ

ಅಕ್ಕನ ಮಗಳಿಗೆ 12 ವರ್ಷ. ಮೀಮ್ ನೋಡಿ ನೋಡಿ ರಜನಿಯ 'ಲಕಲಕಲಕ' ಅವಳಿಗೆ ಬಾಯಿಪಾಠ. ಆದರೆ ಅದಕ್ಕೂ ಮುಂಚೆ ನಮ್ಮ ವಿಷ್ಣುವರ್ಧನ್ 'ಹೌಲಾ ಹೌಲಾ' ಅಂದಿದ್ದರು ಅನ್ನೋದೇ ಗೊತ್ತಿಲ್ಲ. ಹೊಟ್ಟೆ ಉರಿಯದೆ ಇರುತ್ತಾ? ರಜೆಗೆ ಬಂದವಳನ್ನು ಕೂರಿಸಿಕೊಂಡು, ಜೊತೆಗೆ ಅಮ್ಮನನ್ನೂ ಎಳೆದುಕೊಂಡು, ನಾಲ್ಕು ರಾತ್ರಿ ನಾಲ್ಕು ಸಿನಿಮಾ ನೋಡಿದೆ. 1993ರ ಮಲಯಾಳಂ 'ಮಣಿಚಿತ್ರತಾಳ್', 2004ರ 'ಆಪ್ತಮಿತ್ರ', 2005ರ ತಮಿಳು 'ಚಂದ್ರಮುಖಿ', 2007ರ ಹಿಂದಿ 'ಭೂಲ್ ಭುಲಯ್ಯಾ'. ಕಥೆ ಒಂದೇ. ಗುಟ್ಟು ಇಲ್ಲಿ ಹೇಳಿಬಿಡುತ್ತೇನೆ, ಇಷ್ಟು ವರ್ಷ ಆದರೂ ನೋಡಿಲ್ಲ ಅಂದರೆ ಅದು ನಿಮ್ಮ ತಪ್ಪು.

ಹಳೇ ಬಂಗಲೆ, ಬೀಗ ಹಾಕಿದ ಕೋಣೆ, ಅದನ್ನು ತೆಗೆಯುವ ಸೊಸೆ. ದೆವ್ವ ಇಲ್ಲ, ಅವಳಿಗೇ ಮನಸ್ಸಿನ ಕಾಯಿಲೆ. ಹಿಂದೆ ಅಲ್ಲಿನ ರಾಜ ಕೊಂದ ನರ್ತಕಿ ನಾಗವಲ್ಲಿಯೇ ತಾನು ಅಂದುಕೊಂಡು ಅವನ ಮೇಲೆ ಸೇಡು ತೀರಿಸಿಕೊಳ್ಳೋಕೆ ಕಾಯುತ್ತಿರುತ್ತಾಳೆ. ಗಂಡನ ಸ್ನೇಹಿತನಾದ ಡಾಕ್ಟರ್ ಅದನ್ನು ಕಂಡುಹಿಡಿಯುತ್ತಾನೆ.

ನನಗೆ ಜಾಸ್ತಿ ಮಜಾ ಕೊಟ್ಟಿದ್ದು ಭಾಷೆಯ ಆಟ. ನಾಲ್ಕೂ ಕಡೆ ಆ ನರ್ತಕಿ ಹೊರಗಿನವಳು. ಮಲಯಾಳಂನಲ್ಲಿ ತಂಜಾವೂರಿನವಳು, ತಮಿಳು ಮಾತಾಡುತ್ತಾಳೆ. ಕನ್ನಡದಲ್ಲೂ ತಮಿಳಿನಲ್ಲೂ ಅವಳದು ತೆಲುಗು, 'ರಾ ರಾ' ಅಂತ ಕರೆಯೋದು ಅದಕ್ಕೇ. ಹಿಂದಿಯಲ್ಲಿ ಬಂಗಾಳಿ. ಬೆಳಿಗ್ಗೆ ಮನೆಮಾತಲ್ಲಿ ತಿಂಡಿ ಆಯ್ತಾ ಅಂತ ಕೇಳಿದ ಹುಡುಗಿ ರಾತ್ರಿ ಬೇರೆ ಭಾಷೆಯಲ್ಲಿ ಗದರಿದರೆ ಮೈ ಜುಮ್ ಅನ್ನುತ್ತೆ, ಅದಕ್ಕೆ ಯಾವ ಗ್ರಾಫಿಕ್ಸೂ ಬೇಡ. ಇದರಲ್ಲಿ ಆಪ್ತಮಿತ್ರದ ಸೌಂದರ್ಯಗೆ ಒಂದು ಅನುಕೂಲ ಇತ್ತು. ಮುಳಬಾಗಿಲು ಕಡೆಯ ಹುಡುಗಿ, ತೆಲುಗಿನಲ್ಲಿ ದೊಡ್ಡ ನಾಯಕಿ. ತೆಲುಗು ಅವರ ನಾಲಿಗೆ ಮೇಲೇ ಇತ್ತು.

ಹಾಗಂತ ನಟನೆಯಲ್ಲಿ ಸೌಂದರ್ಯನೇ ಮೇಲಾ? ಅಭಿಮಾನ ಪಕ್ಕಕ್ಕಿಟ್ಟು ಹೇಳಬೇಕು, ಇಲ್ಲ. ಮಲಯಾಳಂನ ಶೋಭನಾ ಬೇರೆ ಲೆವೆಲ್. ಗಂಡ ಈಗ ಹೊರಗೆ ಹೋಗೋದು ಬೇಡ ಅಂತಾನೆ. ಆ ಒಂದು ಮಾತಿಗೆ ಅವಳ ಕಣ್ಣು, ಕತ್ತು, ದನಿ ಎಲ್ಲ ಹಂತಹಂತವಾಗಿ ಬದಲಾಗುತ್ತೆ. ಅಲ್ಲಿ ಅಕ್ಕನ ಮಗಳು ದಿಂಬಿನ ಹಿಂದೆ ಹೋದವಳು ಹತ್ತು ನಿಮಿಷ ಈಚೆ ಬರಲಿಲ್ಲ. ಶೋಭನಾಗೆ ರಾಷ್ಟ್ರಪ್ರಶಸ್ತಿ ಸುಮ್ನೆ ಬಂದಿದ್ದಲ್ಲ. ಹಿಂದಿಯಲ್ಲಿ ವಿದ್ಯಾ ಬಾಲನ್ ಒಬ್ಬಳೇ ಮಂಚ ಎತ್ತುವ ಸೀನ್ ಕೂಡ ಹೆದರಿಸಿತು, ಆದರೆ ಆಮೇಲಿನ ಕುಣಿತದಲ್ಲಿ ಶೋಭನಾ ಕಾಲು ನೋಡಿದ ಕಣ್ಣಿಗೆ ಅದು ಸಪ್ಪೆ. ತಮಿಳಿನಲ್ಲಿ ಜ್ಯೋತಿಕಾ ಕಣ್ಣು ಅರಳಿಸೋದು ಚೆನ್ನಾಗಿದೆ, ಸ್ವಲ್ಪ ಜಾಸ್ತಿನೇ ಅರಳಿಸುತ್ತಾರೆ.

ಅಂದಹಾಗೆ ಶೋಭನಾ ಜೊತೆ ಕುಣಿಯೋದು ನಮ್ಮ ಶ್ರೀಧರ್! ಅವರೇ ಆಪ್ತಮಿತ್ರದಲ್ಲೂ ಇದ್ದಾರೆ. ಅಮ್ಮ ಮೊದಲ ರಾತ್ರಿಯೇ ಗುರುತು ಹಿಡಿದರು, ನಾನಲ್ಲ.

ಈಗ ಹೀರೋ, ಅಂದರೆ ಆ ಡಾಕ್ಟರ್ ವಿಷಯ. ಮೋಹನ್‌ಲಾಲ್ ನಿಧಾನಕ್ಕೆ ಬರುತ್ತಾರೆ. ಹಿಂದಿಯಲ್ಲಿ ಅಕ್ಷಯ್ ಕುಮಾರ್ ಕೂಡ ಅಷ್ಟೇ. ಆದರೆ ರಜನಿಯನ್ನು ಅಷ್ಟು ಹೊತ್ತು ಕಾಯಿಸೋಕಾಗುತ್ತಾ? ಶುರುವಿನಲ್ಲೇ ಫೈಟು, ಹಾಡು. ದೊಡ್ಡ ವ್ಯತ್ಯಾಸ ಇರೋದು ಮಾತ್ರ ಕೊನೆಯಲ್ಲಿ. ಮಲಯಾಳಂನಲ್ಲಿ ಡಾಕ್ಟರ್ ರಾಜ ಆಗುವುದೇ ಇಲ್ಲ. ಅವಳ ಕಣ್ಣಿಗೆ ರಾಜನಾಗಿ ಕಾಣೋದು ಸ್ವಂತ ಗಂಡ, ಅವನನ್ನೇ ಕಡಿಯೋಕೆ ಹೊರಡುತ್ತಾಳೆ. ಕನ್ನಡದಲ್ಲಿ, ತಮಿಳಿನಲ್ಲಿ ರಾಜನ ವೇಷ ಸ್ಟಾರ್‌ಗೇ ಬೇಕು, ಹಾಗಾಗಿ ಹೆದರಿಕೆ ಸ್ವಲ್ಪ ಕಮ್ಮಿ ಆಗಿ ಶಿಳ್ಳೆ ಜಾಸ್ತಿ ಆಗುತ್ತೆ. ಗಂಡ ಸಾಯ್ತಾನೇನೋ ಅನ್ನೋ ಭಯ ಎಲ್ಲಿ, ವಿಷ್ಣು ಸಾಯ್ತಾರೇನೋ ಅನ್ನೋದು ಎಲ್ಲಿ? ಅವರು ಸಾಯಲ್ಲ ಅಂತ ಎಲ್ಲರಿಗೂ ಗೊತ್ತಲ್ವಾ. ಆದರೂ ವಿಷ್ಣು ಆ ರಾಜನ ಗತ್ತಿನಲ್ಲಿ ನಿಂತಾಗ ನಾನೇ ಸೋಫಾ ಮೇಲಿಂದ ಎದ್ದು ಶಿಳ್ಳೆ ಹಾಕಿದೆ, ಪಕ್ಕದ ಮನೆ ನಾಯಿ ಬೊಗಳಿತು.

ಕಾಮಿಡಿಗೆ ಬಂದರೆ ಚಂದ್ರಮುಖಿಯೇ ಗೆದ್ದಿತು, ವಡಿವೇಲು ದೆಸೆಯಿಂದ. ಭಾಷೆ ಅರ್ಧಂಬರ್ಧ ಗೊತ್ತಿದ್ದರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ಸಿನಿಮಾ ಚೆನ್ನೈನ ಶಾಂತಿ ಥಿಯೇಟರ್‌ನಲ್ಲಿ 800 ದಿನಕ್ಕೂ ಜಾಸ್ತಿ ಓಡಿತು ಅಂದರೆ ಅದರಲ್ಲಿ ಇನ್ನೂರು ದಿನವಾದರೂ ವಡಿವೇಲು ಲೆಕ್ಕಕ್ಕೆ ಬರೆಯಬೇಕು. ಮಲಯಾಳಂನಲ್ಲಿ ಇನ್ನೊಸೆಂಟ್ ನಗಿಸುವುದು ಸದ್ದಿಲ್ಲದೆ. ನಮ್ಮ ದ್ವಾರಕೀಶ್ ಆಪ್ತಮಿತ್ರಕ್ಕೆ ದುಡ್ಡು ಹಾಕಿದವರೂ ಹೌದು, ನಗಿಸೋಕೆ ಓಡಾಡಿದವರೂ ಹೌದು. ನಿರ್ಮಾಪಕರಾಗಿ ಗೆದ್ದರು, ಕಾಮಿಡಿ ಮಾತ್ರ ಇವತ್ತಿಗೆ ಹಳತು ಅನ್ನಿಸಿತು. ಹಿಂದಿಯಲ್ಲಿ ಪರೇಶ್ ರಾವಲ್, ರಾಜ್‌ಪಾಲ್ ಯಾದವ್ ಇಬ್ಬರೂ ಇದ್ದು ಗಲಾಟೆಗೇ ಅರ್ಧ ಸಿನಿಮಾ ಹೋಗುತ್ತೆ.

ಅಕ್ಕನ ಮಗಳ ಓಟು ಮಲಯಾಳಂಗೆ, ನನ್ನದೂ ಅದಕ್ಕೇ. ಅಮ್ಮ ಒಪ್ಪಲಿಲ್ಲ. "ನೀವೇನಾದ್ರೂ ಹೇಳ್ಕೊಳ್ಳಿ, ನನಗೆ ಸೌಂದರ್ಯನೇ." ಅದಕ್ಕೆ ಎದುರು ಮಾತಾಡುವುದು ಕಷ್ಟ. 2004ರ ಏಪ್ರಿಲ್‌ನಲ್ಲಿ ವಿಮಾನ ಅಪಘಾತದಲ್ಲಿ ಅವರು ಹೋದರು, ಆಪ್ತಮಿತ್ರ ತೆರೆಗೆ ಬಂದಿದ್ದು ಆಗಸ್ಟ್‌ನಲ್ಲಿ. 'ರಾ ರಾ'ಗೆ ಥಿಯೇಟರ್‌ನಲ್ಲಿ ಜನ ಚಪ್ಪಾಳೆ ಹೊಡೆಯುವಾಗ ಕೇಳೋಕೆ ಅವರಿರಲಿಲ್ಲ.

ಐದನೇ ರಾತ್ರಿಗೆ ಆಪ್ತಮಿತ್ರದ ಮುಂದಿನ ಭಾಗ 'ಆಪ್ತರಕ್ಷಕ' ಹಾಕೋಣ ಅಂದೆ. ಅಮ್ಮ ರಿಮೋಟ್ ಕಿತ್ತುಕೊಂಡರು. "ಅದು ಬೇಡ ಕಣೋ. ಅದು ಬರೋ ಹೊತ್ತಿಗೆ ವಿಷ್ಣುನೂ ಇರ್ಲಿಲ್ಲ."