ಕ್ವಾರ್ಟರ್ ರಿಪೀಟರ್, ಮಿನಿಟ್ ರಿಪೀಟರ್, ಕ್ರೋನೋಗ್ರಾಫ್: ಮೊದಲ ಹಳೇ ಜೇಬುಗಡಿಯಾರ ಯಾವುದಿರಲಿ?

ರಿಪೀಟರ್ ಅಂದರೆ ಕೇಳಿದಾಗ ಸಮಯವನ್ನು ಬಾರಿಸಿ ಹೇಳುವ ಗಡಿಯಾರ. ಬೆಲೆ ನೋಡಿ ಕೊಳ್ಳುವವರು ಮಿನಿಟ್ ರಿಪೀಟರ್ ಸದ್ಯಕ್ಕೆ ಬಿಡಿ. 3 ಗಂಟೆ 50 ನಿಮಿಷಕ್ಕೆ ಪಕ್ಕದ ಸ್ಲೈಡ್ ಎಳೆದರೆ ಅದು ಗಂಟೆಗೆ 3 ಹೊಡೆತ, ಕಾಲುಗಂಟೆಗಳಿಗೆ 3 ಜೋಡಿ ಟಿಂಗ್-ಟಾಂಗ್, ಉಳಿದ ನಿಮಿಷಕ್ಕೆ 5 ಹೊಡೆತ ಬಾರಿಸುತ್ತದೆ. ಕ್ವಾರ್ಟರ್ ರಿಪೀಟರ್ ಕಾಲುಗಂಟೆಗೇ ನಿಲ್ಲುತ್ತದೆ. ಕತ್ತಲಲ್ಲಿ ಸಮಯ ತಿಳಿಯಲು ಅಷ್ಟು ಸಾಕು, ಅಲ್ವಾ?

ಮಿನಿಟ್‌ನಲ್ಲಿ ಬಿಡಿಭಾಗ ಜಾಸ್ತಿ, ರಿಪೇರಿ ಬಲ್ಲವರು ಕಡಿಮೆ. ಕೊಳ್ಳುವ ಮುಂಚೆ ಮುಳ್ಳನ್ನು 12 ಗಂಟೆ 59 ನಿಮಿಷಕ್ಕೆ ಇಟ್ಟು ಬಾರಿಸಿ. 12 ಹೊಡೆತ, 3 ಜೋಡಿ, 14 ಹೊಡೆತ. ನಡುವೆ ತಡವರಿಸಿದರೆ ಸುಮ್ನೆ ವಾಪಸ್ ಕೊಡಿ.

ಸದ್ದು ಬೇಡ, ಕೈಯಾಡಿಸೋಕೆ ಬೇಕು ಅನ್ನುವವರಿಗೆ ಕ್ರೋನೋಗ್ರಾಫ್, ಅಂದರೆ ಸ್ಟಾಪ್‌ವಾಚ್ ಕೂಡ ಇರುವ ಗಡಿಯಾರ. ಮೊದಲಿಗೆ ತರಲು ಗುಂಡಿ ಒತ್ತಿದಾಗ ಸ್ಟಾಪ್‌ವಾಚಿನ ಸೆಕೆಂಡ್ ಮುಳ್ಳು ಸರಿಯಾಗಿ 60ಕ್ಕೇ ಮರಳಬೇಕು. ಪಕ್ಕಕ್ಕೆ ನಿಂತರೆ ಚೌಕಾಸಿ ಮಾಡಿ. ಸದ್ದಿಗೆ ಮನಸೋತವರು ಬಜೆಟ್ ಬಿಗಿಯಿದ್ದರೆ ಕ್ವಾರ್ಟರ್ ಕೊಳ್ಳಿ; ನುರಿತ ರಿಪೇರಿಯವರು ಗೊತ್ತಿದ್ದರಷ್ಟೇ ಮಿನಿಟ್.