ಹಳೆಯ ವಿಡಿಯೋ ಗೇಮ್ ಸಂಗ್ರಹಗಳು: ಯಾವುದಕ್ಕೆ ಎಷ್ಟು ಹಣ ಕೊಡಬಹುದು?

ತೊಂಬತ್ತರ ದಶಕದ ಕೊನೆಯಲ್ಲಿ ಅಪ್ಪ ಹಾಸನದ ಕಟ್ಟಿನಕೆರೆ ಮಾರುಕಟ್ಟೆಯ ಬಳಿ ಕೊಡಿಸಿದ ಟಿವಿ ಗೇಮಿನ ಜೊತೆ ಹಳದಿ ಬಣ್ಣದ ಕ್ಯಾಸೆಟ್ ಒಂದು ಬಂದಿತ್ತು. ಸೈನಿಕರು ಓಡುತ್ತಾ ಗುಂಡು ಹಾರಿಸುವ ಕಾಂಟ್ರಾ ಆಟವನ್ನು ನಾನು ಮೊದಲು ಆಡಿದ್ದು ಅದರಲ್ಲಿಯೇ. ಅದು ಜಪಾನಿನ ಕೊನಾಮಿ ಕಂಪನಿಯ ಆಟವೆಂಬುದಾಗಲಿ, ನಮ್ಮ ಯಂತ್ರವು ನಿಂಟೆಂಡೊ ಯಂತ್ರದ ನಕಲೆಂಬುದಾಗಲಿ ಆಗ ತಿಳಿದಿರಲಿಲ್ಲ. ಅಂಥ ಆಟಗಳಿಗೆ ಈಗ ಮತ್ತೆ ಹಣ ಕೊಡುವುದು ಸರಿಯೇ ಎಂದು ತಿಳಿಯಲು, ಈ ಮಳೆಗಾಲದಲ್ಲಿ ಸಾಲಗಾಮೆ ರಸ್ತೆಯ ನಮ್ಮ ಮನೆಯಲ್ಲಿ ಅಣ್ಣನ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೂರು ಸಂಗ್ರಹಗಳನ್ನು ಒಂದೇ ಟಿವಿಯಲ್ಲಿ ಆಡಿ ನೋಡಿದೆ.

ಮೊದಲನೆಯದು ಎರಡು ಸಾವಿರ ರೂಪಾಯಿಗೆ ತರಿಸಿದ, ಟಿವಿಗೆ ಸಿಕ್ಕಿಸಿ ಆಡುವ ಎಚ್‌ಡಿಎಂಐ ಸ್ಟಿಕ್. ಹತ್ತು ಸಾವಿರ ಆಟಗಳಿವೆ ಎಂದು ಡಬ್ಬಿಯ ಮೇಲೆ ಅಚ್ಚಾಗಿದ್ದರೂ, ಒಂದೇ ಆಟ ನಾಲ್ಕಾರು ಹೆಸರುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕಾಂಟ್ರಾದ ಮೊದಲ ಹಂತದಲ್ಲಿ ಸಿಡಿಯುವ ಸೇತುವೆಯ ಮೇಲೆ ಹುಡುಗ ಮೂರು ಸಲ ಸತ್ತು, "ಚಿಕ್ಕಪ್ಪ, ನಾನು ಒತ್ತಿದ ಮೇಲೆ ಇದು ನಿಧಾನವಾಗಿ ಹಾರುತ್ತೆ" ಎಂದ. ಅವನ ಮಾತು ನಿಜವಾಗಿತ್ತು. ಗುಂಡಿ ಒತ್ತುವುದಕ್ಕೂ ಪರದೆಯ ಮೇಲೆ ಸೈನಿಕ ಜಿಗಿಯುವುದಕ್ಕೂ ನಡುವೆ ಕಣ್ಣಿಗೆ ಕಾಣುವಷ್ಟು ತಡವಿದ್ದರೆ ಇಂಥ ಆಟವನ್ನು ಆಡಲಾಗದು. ಮೇಲಾಗಿ, ಆಟ ಕಟ್ಟಿದವರ ಅನುಮತಿಯ ಸುಳಿವು ಡಬ್ಬಿಯಲ್ಲಿ ಎಲ್ಲಿಯೂ ಇರಲಿಲ್ಲ. ಇದಕ್ಕೆ ಕೊಟ್ಟ ಹಣ ದಂಡವಾಯಿತು.

2022ರ ನವೆಂಬರಿನಲ್ಲಿ ಸುಮಾರು 40 ಡಾಲರ್ ಬೆಲೆಗೆ ಬಂದ 'ಅಟಾರಿ 50' ಎಂಬ, ಅಮೆರಿಕದ ಅಟಾರಿ ಕಂಪನಿಯ ಹಳೆಯ ಆಟಗಳ ಸಂಗ್ರಹದಲ್ಲಿ ತೊಂಬತ್ತಕ್ಕೂ ಹೆಚ್ಚು ಆಟಗಳಿವೆ. ಅಟಾರಿ ಯಂತ್ರವನ್ನು ನಾನು ಬಾಲ್ಯದಲ್ಲಿ ಕಂಡವನಲ್ಲ. ಅನೇಕ ಆಟಗಳು ಐದು ನಿಮಿಷದಲ್ಲಿ ಬೇಸರ ತರಿಸುತ್ತವೆ. ಆದರೂ ಪೂರ್ಣ ಬೆಲೆಗೆ ಅರ್ಹವೆಂದು ನಾನು ಹೇಳುವುದು ಇದೊಂದನ್ನೇ. 1972ರ ಪಾಂಗ್‌ನಿಂದ ಶುರುವಾಗುವ ಕಾಲಾನುಕ್ರಮದಲ್ಲಿ ಆಟಗಳ ನಡುನಡುವೆ ಹಳೆಯ ಜಾಹೀರಾತುಗಳೂ, ಅವುಗಳನ್ನು ರೂಪಿಸಿದವರ ಸಂದರ್ಶನಗಳೂ ಬರುತ್ತವೆ. ತನ್ನ ತಂತ್ರಜ್ಞರ ಹೆಸರನ್ನು ಕಂಪನಿ ಪ್ರಕಟಿಸದಿದ್ದ ಆ ದಿನಗಳಲ್ಲಿ ವಾರನ್ ರಾಬಿನೆಟ್ ತಾನೇ ಕಟ್ಟಿದ 'ಅಡ್ವೆಂಚರ್' ಆಟದ ಗುಪ್ತ ಕೋಣೆಯಲ್ಲಿ ತನ್ನ ಹೆಸರನ್ನು ಅಡಗಿಸಿಟ್ಟಿದ್ದನ್ನು ತಿಳಿದ ಮೇಲೆ, ಚೌಕಗಳಷ್ಟೇ ಆಗಿದ್ದ ಆ ಆಟವನ್ನು ನಾವಿಬ್ಬರೂ ಒಂದು ಸಂಜೆ ಪೂರ್ತಿ ಆಡಿದೆವು. ಪ್ಯಾಕ್‌ಮ್ಯಾನ್ ಬಿಡುಗಡೆಯಾದಾಗಿನ ಪಟ್ಟಿಯಲ್ಲಿ ಇಲ್ಲದಿದ್ದುದು ಕೊರತೆಯೇ, ಆದರೆ ದೊಡ್ಡದಲ್ಲ.

2019ರ 'ಕಾಂಟ್ರಾ ಆ್ಯನಿವರ್ಸರಿ ಕಲೆಕ್ಷನ್' ಬಿಡುಗಡೆಯಾದಾಗಿನ ಬೆಲೆ ಸುಮಾರು 20 ಡಾಲರ್. ನಾನು ರಿಯಾಯಿತಿಯಲ್ಲಿ ಅರ್ಧಕ್ಕಿಂತ ಕಡಿಮೆಗೆ ಕೊಂಡೆ. ಪಟ್ಟಿಯ ಹತ್ತು ಆಟಗಳಲ್ಲಿ ಮೂರು ಪುನರಾವರ್ತನೆ: ಎರಡು, ಸೈನಿಕರ ಬದಲು ರೋಬೋಟ್‌ಗಳನ್ನು ಹಾಕಿದ ಯುರೋಪಿನ ಆವೃತ್ತಿಗಳು, ಅವು ಲೆಕ್ಕಕ್ಕಿಲ್ಲ. ಮೂರನೆಯದಾದ ಜಪಾನಿನ ಮೂಲ ಕಾಂಟ್ರಾದಲ್ಲಿ ಮಾತ್ರ, ನನ್ನ ಕ್ಯಾಸೆಟ್ಟಿನಲ್ಲಿ ಕಲ್ಲಿನಂತೆ ನಿಂತಿದ್ದ ಕಾಡಿನ ಮರಗಳ ಗರಿಗಳು ಗಾಳಿಗೆ ಅಲುಗಾಡುತ್ತವೆ. ಅದನ್ನು ಕಂಡು ನಾನು ಆಟ ನಿಲ್ಲಿಸಿ ಸುಮ್ಮನೆ ನೋಡುತ್ತಾ ಕುಳಿತೆ. ಗುಂಡಿಯ ಸ್ಪಂದನೆ ಚುರುಕಾಗಿದೆ. ಆಡಿದ್ದನ್ನು ಉಳಿಸಿಕೊಳ್ಳಬಹುದಾದ್ದರಿಂದ ಕರೆಂಟು ಹೋದರೂ ಮೊದಲಿನಿಂದ ಶುರುಮಾಡಬೇಕಿಲ್ಲ. ಇಬ್ಬರು ಆಡಿದರೇ ಇದಕ್ಕೆ ರುಚಿ: ಜಲಪಾತದ ಹಂತದಲ್ಲಿ ಒಬ್ಬ ಅವಸರದಿಂದ ಮೇಲೇರಿದರೆ ಕೆಳಗುಳಿದವನು ಪರದೆಯಿಂದಾಚೆ ಬಿದ್ದು ಸಾಯುತ್ತಾನೆ. ಪೂರ್ಣ ಬೆಲೆಗೆ ಇದನ್ನು ಕೊಳ್ಳಲು ಹೇಳಲಾರೆ. ಆದರೆ ಅರ್ಧ ಬೆಲೆಗೆ, ಜೊತೆಗಾರನೊಬ್ಬನಿದ್ದರೆ, ಖಂಡಿತ ಕೊಳ್ಳಿ; ಎರಡು ಕಂಟ್ರೋಲರ್‌ಗಳ ಖರ್ಚನ್ನೂ ಲೆಕ್ಕದಲ್ಲಿಟ್ಟುಕೊಳ್ಳಿ.